ಬೆಂಗಳೂರಿನ ಕಸ, ಅಂಚಿನ ಊರು: ಒಂದು ಪರಿಸರ ಅಧ್ಯಯನದ ನನ್ನ ಅನುಭವ

ಬೆಂಗಳೂರಿನ ಕಸವನ್ನು ಸಂಸ್ಕರಿಸಿ ಉಳಿಕೆಯನ್ನು ಹೂಳುವ ಘಟಕವೊಂದಕ್ಕೆ ಪರಿಸರ ಪರಿಣಾಮ ಅಧ್ಯಯನ ಮಾಡಿಕೊಡುವ ಕೆಲಸ ನಮ್ಮ ಸಲಹಾ ತಂಡಕ್ಕೆ ಬಂದಾಗ ಜಾಗ ಆಗಲೇ ನಿಗದಿಯಾಗಿತ್ತು. ಅದು ನಗರದ ಅಂಚಿನಲ್ಲಿ, ಕಲ್ಲು ತೆಗೆದು ಕೈಬಿಟ್ಟ ಕ್ವಾರಿಯೊಂದಕ್ಕೆ ತಾಗಿದ ಸರ್ಕಾರಿ ಜಮೀನು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಘನತ್ಯಾಜ್ಯ ಮತ್ತು ಅಂತರ್ಜಲದ ಅಧ್ಯಾಯಗಳು ನನ್ನ ಪಾಲಿಗೆ ಬಂದವು. ಇಂಥ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಉಪಯೋಗವಾಗಬಹುದೆಂಬ ಉದ್ದೇಶದಿಂದ, ನಾನು ಏನು ಮಾಡಿದೆ, ಎಲ್ಲಿ ಎಡವಿದೆ, ಏನನ್ನು ತಿದ್ದಿಕೊಂಡೆ ಎಂಬುದನ್ನು ಬರೆಯುತ್ತಿದ್ದೇನೆ.

ಆ ಊರಿನವರಿಗೆ ನಾವು ಏನು ಹೇಳಲು ಬಂದಿದ್ದೇವೆಂಬುದು ನಾವು ಬಾಯಿ ತೆರೆಯುವ ಮೊದಲೇ ತಿಳಿದಿತ್ತು. 2012ರಲ್ಲಿ ಮಾವಳ್ಳಿಪುರದ ಕಸದ ಜಾಗ ಮುಚ್ಚಿದಾಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ರಾಶಿಬಿದ್ದದ್ದನ್ನೂ, ಆ ಭಾರವೆಲ್ಲ ಮಂಡೂರಿನ ಮೇಲೆ ಬಿದ್ದು, ಅಲ್ಲಿಯ ಜನ ರಸ್ತೆಗಿಳಿದು ಹೋರಾಡಿ 2014ರ ಕೊನೆಗೆ ಕಸದ ಲಾರಿಗಳನ್ನು ನಿಲ್ಲಿಸಿದ್ದನ್ನೂ ಅವರು ಪತ್ರಿಕೆಯಲ್ಲಿ ಓದಿದ್ದರು. ಕೆಲವರ ನೆಂಟರು ಆ ಊರುಗಳಲ್ಲೇ ಇದ್ದರು. ಅಧ್ಯಯನದ ಭಾಷೆಯಲ್ಲಿ ನಾವು ಗಾಳಿ, ನೀರು, ಶಬ್ದಗಳ ಈಗಿನ ಸ್ಥಿತಿಯನ್ನು ಬೇಸ್‌ಲೈನ್ ಎನ್ನುತ್ತೇವೆ. ಈ ನೆನಪು ಕೂಡ ಆ ಬೇಸ್‌ಲೈನಿನ ಭಾಗವೆಂದು ನಾನು ನಂಬುತ್ತೇನೆ.

ಕಾನೂನಿನ ಚೌಕಟ್ಟನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯಲ್ಲಿ ಪರಿಸರ ಅನುಮತಿ ಬೇಕಾದ ಯೋಜನೆಗಳ ಪಟ್ಟಿಯಿದೆ; ಅದರಲ್ಲಿ ಪುರಸಭಾ ಘನತ್ಯಾಜ್ಯದ ಸಾಮೂಹಿಕ ನಿರ್ವಹಣಾ ಘಟಕಗಳು ಸೇರಿವೆ. ಸಾಮಾನ್ಯವಾಗಿ ರಾಜ್ಯ ಮಟ್ಟದ ಪ್ರಾಧಿಕಾರವೇ ಇವುಗಳಿಗೆ ಪರಿಸರ ಅನುಮತಿ ನೀಡುತ್ತದೆ. ಅಧ್ಯಯನದ ವ್ಯಾಪ್ತಿ ಗೊತ್ತುಮಾಡುವುದು, ಕರಡು ವರದಿ, ಸಾರ್ವಜನಿಕ ಅಹವಾಲು ಸಭೆ, ತಜ್ಞರ ಸಮಿತಿಯ ಪರಿಶೀಲನೆ ಎಂಬ ಕ್ರಮದಲ್ಲಿ ಕೆಲಸ ನಡೆಯುತ್ತದೆ. ಇದೆಲ್ಲವೂ ಒಂದೊಂದು ಘಟಕಕ್ಕೆ ಮಾತ್ರ. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ಕಸದ ಯೋಜನೆಯನ್ನು ಸಿದ್ಧಪಡಿಸಬೇಕಿತ್ತು. ಆದರೆ ಇಡೀ ನಗರದ ಕಸ ಎಲ್ಲಿಗೆ, ಎಷ್ಟು, ಯಾವ ರೂಪದಲ್ಲಿ ಹೋಗಬೇಕೆಂದು ತೀರ್ಮಾನಿಸುವ ಆ ಯೋಜನೆಗೆ ಪರಿಸರ ಅಧ್ಯಯನ ಕಡ್ಡಾಯವಲ್ಲ. ಐರೋಪ್ಯ ಒಕ್ಕೂಟ 2001ರ ನಿರ್ದೇಶನದ ಮೂಲಕ ತ್ಯಾಜ್ಯ ಯೋಜನೆಗಳನ್ನೇ ಇಂಥ ಪರಿಶೀಲನೆಗೆ ಒಳಪಡಿಸಿದೆ. ಫ್ರೆಶ್ ಕಿಲ್ಸ್ ಎಂಬ ಭೂಭರ್ತಿಯನ್ನು, ಅಂದರೆ ಕಸ ಹೂಳುವ ಜಾಗವನ್ನು, 2001ರಲ್ಲಿ ಮುಚ್ಚಿದ ನ್ಯೂಯಾರ್ಕ್ ನಗರವೂ ತನ್ನ ಮುಂದಿನ ದೀರ್ಘಾವಧಿ ಯೋಜನೆಗೆ ಪೂರ್ಣ ಪ್ರಮಾಣದ ಪರಿಸರ ವರದಿ ಮಾಡಿಸಿತು. ನಮ್ಮಲ್ಲಿ ಆ ಮೆಟ್ಟಿಲೇ ಇಲ್ಲದಿರುವುದರಿಂದ, ನಗರದ ತೀರ್ಮಾನಗಳೆಲ್ಲ ಮುಗಿದ ಮೇಲೆ, ಬೇಲಿ ಹಾಕಿದ ಜಮೀನಿನೊಳಗಿನಿಂದ ನಮ್ಮ ಅಧ್ಯಯನ ಶುರುವಾಗುತ್ತದೆ. ಇದು ತಡವಾದ ಆರಂಭವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಬೇಲಿಯ ಹೊರಗಿನ ನಗರವನ್ನು ವರದಿಯೊಳಗೆ ತರಲು ನನಗಿದ್ದ ದಾರಿ ಒಂದೇ: ಬರುವ ಕಸವನ್ನು ನಾನೇ ಅಳೆದು ನೋಡುವುದು.

ದಿನಕ್ಕೆ ಇಷ್ಟು ಟನ್, ಅದರಲ್ಲಿ ಇಷ್ಟು ಪಾಲು ಹಸಿ ಕಸ, ಇಷ್ಟು ಒಣ ಕಸ ಎಂಬ ಕೋಷ್ಟಕವನ್ನು ಯೋಜನಾ ವರದಿಯಲ್ಲಿ ಕೊಟ್ಟಿದ್ದರು. ಅದನ್ನು ಹಾಗೆಯೇ ಎತ್ತಿ ಬಳಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಘಟಕಕ್ಕೆ ಯಾವ ವಾರ್ಡುಗಳ ಕಸ ಬರಲಿದೆಯೋ ಆ ವಾರ್ಡುಗಳ ಕಾಂಪ್ಯಾಕ್ಟರ್ ಲಾರಿಗಳನ್ನು ಭಾನುವಾರವೂ ಸೇರಿದಂತೆ ಏಳು ದಿನ ಹಿಂಬಾಲಿಸಿ, ಲಾರಿಗಳನ್ನು ತೂಗುವ ತೂಕದ ಸೇತುವೆಯ (ವೇಬ್ರಿಜ್) ಚೀಟಿಗಳನ್ನು ಕೂಡಿಸಿಕೊಂಡು, ಪ್ರತಿದಿನ ಮಾದರಿ ತೆಗೆದೆವು. ಸುರಿದ ರಾಶಿಯನ್ನು ಸಲಿಕೆಯಿಂದ ಚೆನ್ನಾಗಿ ಕಲಸಿ, ದುಂಡಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಬಿಟ್ಟು ಉಳಿದೆರಡನ್ನು ಮತ್ತೆ ಕಲಸುವುದು. ಹೊರಬಹುದಾದಷ್ಟು ಸಣ್ಣ ರಾಶಿಯಾಗುವವರೆಗೆ ಇದನ್ನೇ ಮಾಡುವುದು. ಆಮೇಲೆ ಟಾರ್ಪಾಲಿನ ಮೇಲೆ ಕುಳಿತು ಕೈಯಿಂದ ಬೇರ್ಪಡಿಸಿ ತೂಗುವುದು. ನಮ್ಮ ಜೊತೆ ಕುಳಿತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರು ಪ್ಲಾಸ್ಟಿಕ್ ಕವರನ್ನು ಬೆರಳಲ್ಲಿ ಉಜ್ಜಿ, ಬರುವ ಸದ್ದಿನಿಂದಲೇ ಯಾವುದು ಮಾರಾಟವಾಗುತ್ತದೆ, ಯಾವುದನ್ನು ಗುಜರಿಯವನೂ ಮುಟ್ಟುವುದಿಲ್ಲ ಎಂದು ಹೇಳಿಬಿಡುತ್ತಿದ್ದರು. ‘ಇದು ಸಾಂಬಾರ್ ಅಂಟಿದ್ದು ಸರ್, ತೊಳೆಯೋರಿಲ್ಲ, ತಗೊಳೋರೂ ಇಲ್ಲ’ ಎಂದು ಅವರು ಬದಿಗೆಸೆಯುತ್ತಿದ್ದ ಕವರುಗಳನ್ನು ನಾನು ಬೇರೆ ಚೀಲದಲ್ಲಿ ತೂಗತೊಡಗಿದೆ. ಕಾಗದದ ಮೇಲೆ ಅವೆಲ್ಲ ಮರುಬಳಕೆಯ ಒಣ ಕಸ. ನಿಜದಲ್ಲಿ ಹೂಳಬೇಕಾದ ಉಳಿಕೆ.

ಈ ವ್ಯತ್ಯಾಸದಿಂದ ಎಷ್ಟು ಅಂತರ ಬೀಳುತ್ತದೆಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ದಿನಕ್ಕೆ 500 ಟನ್ ಬರುವ ಘಟಕವೆಂದು ಇಟ್ಟುಕೊಳ್ಳಿ. ಕಸ ಮನೆಯಲ್ಲೇ ವಿಂಗಡಣೆಯಾಗಿ ಬಂದು ಶೇ 20ರಷ್ಟು ಮಾತ್ರ ಉಳಿಕೆಯಾದರೆ ದಿನಕ್ಕೆ 100 ಟನ್ ಹೂಳಬೇಕು. ಬೆರೆತ ಕಸವೇ ಬಂದು ಉಳಿಕೆ ಶೇ 45ಕ್ಕೆ ಏರಿದರೆ ಅದು 225 ಟನ್ ಆಗುತ್ತದೆ. ಇಪ್ಪತ್ತು ವರ್ಷ ಬಾಳಲೆಂದು ತೋಡಿದ ಗುಂಡಿ ಒಂಬತ್ತು ವರ್ಷದೊಳಗೆ ತುಂಬುತ್ತದೆ. ತುಂಬಿದ ದಿನ ಪಕ್ಕದ ಜಮೀನಿನ ಮೇಲೆ ಕಣ್ಣು ಬೀಳುತ್ತದೆ. ಭೂಭರ್ತಿ ಜಾಗ 20ರಿಂದ 25 ವರ್ಷ ಬರುವಂತಿರಬೇಕೆಂದು 2016ರ ನಿಯಮವೇ ಹೇಳುತ್ತಿತ್ತು. ಆ ಷರತ್ತು ಈಡೇರುವುದೂ ಮುರಿಯುವುದೂ ಆ ಜಮೀನಿನಲ್ಲಲ್ಲ, ನಲವತ್ತು ಕಿಲೋಮೀಟರ್ ದೂರದ ಅಡುಗೆಮನೆಗಳಲ್ಲಿ. ಹೈಕೋರ್ಟ್ ನಿರ್ದೇಶನದ ಮೇಲೆ ಬೆಂಗಳೂರಿನಲ್ಲಿ ಜಾರಿಗೆ ಬಂದ ಕಸವನ್ನು ಮನೆಯಲ್ಲೇ ವಿಂಗಡಿಸುವ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಅನೇಕರು ಸ್ವಚ್ಛತೆಯ ವಿಷಯವೆಂದು ಮಾತ್ರ ನೋಡುತ್ತಾರೆ. ಈ ಲೆಕ್ಕ ಹಾಕಿದ ಮೇಲೆ ನನಗೆ ಅದು ದೂರದ ಊರಿನ ಅಂತರ್ಜಲದ ವಿಷಯವಾಗಿ ಕಾಣತೊಡಗಿತು.

ನಾನು ಎಡವಿದ್ದು ಆ ಅಂತರ್ಜಲದ ಕೆಲಸದಲ್ಲಿಯೇ.

ಇಂಥ ಅಧ್ಯಯನಕ್ಕೆ ಮಳೆಗಾಲವನ್ನು ಬಿಟ್ಟು ಒಂದು ಋತುವಿನ ಮಾಹಿತಿ ಸಾಕೆಂಬುದು ರೂಢಿ. ನಾವು ಮಾರ್ಚ್‌ನಿಂದ ಮೇವರೆಗೆ ಕೆಲಸ ಇಟ್ಟುಕೊಂಡಿದ್ದೆವು. ನಕ್ಷೆಯ ಮೇಲೆ ಹತ್ತು ಕಿಲೋಮೀಟರಿನ ವೃತ್ತ ಎಳೆದು, ಎಂಟು ದಿಕ್ಕಿಗೆ ಎಂಟು ಕೊಳವೆಬಾವಿಗಳನ್ನು ಆರಿಸಿಕೊಂಡು, ನೀರು ತಂದು ಪರೀಕ್ಷೆಗೆ ಕೊಟ್ಟೆ. ಎಲ್ಲವೂ ಪಂಚಾಯಿತಿಯ ಆಳವಾದ ಕೊಳವೆಬಾವಿಗಳು, ಜೀಪು ಹೋಗುವ ದಾರಿಯ ಪಕ್ಕದವು. ಫಲಿತಾಂಶ ಅಚ್ಚುಕಟ್ಟಾಗಿ ಬಂತು. ಒಂದು ದಿನ ಮಾದರಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಾಗ, ಹಸು ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ನಿಂತು ನೋಡಿ, ‘ಮೇಲ್ಗಡೆ ಬೋರಿನ ನೀರು ಹಿಡ್ಕೊಂಡು ಏನ್ ಮಾಡ್ತೀರಾ ಸ್ವಾಮಿ? ಮಳೆ ಬಂದು ಕ್ವಾರಿ ತುಂಬಿದ್ರೆ ನಮ್ಮ ಬಾವೀಲಿ ನೀರು ಏಳ್ತದೆ. ಕ್ವಾರೀಲಿ ಮದ್ದು ಸಿಡಿಸೋ ಕಾಲದಲ್ಲಿ ಬಾವಿ ನೀರು ಕದಡ್ತಿತ್ತು. ಬಂದು ಅದನ್ನ ನೋಡಿ’ ಎಂದರು.

ಅವರ ಹಿಂದೆಯೇ ಹೋಗಿ ನೋಡಿದೆ. ಅದು ಕಲ್ಲು ಕಟ್ಟಿದ ಹಳೆಯ ತೆರೆದ ಬಾವಿ. ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಬೆಂಗಳೂರಿನ ಸುತ್ತಲಿನ ನೆಲ ಗ್ರಾನೈಟ್ ಮತ್ತು ನೈಸ್ ಶಿಲೆಯದು. ಮರಳಿನಲ್ಲಿ ಇಳಿಯುವಂತೆ ಇಲ್ಲಿ ನೀರು ಒಂದೇ ಸಮನೆ ಇಳಿಯುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ ನಿಂತು, ಕೆಳಗಿನ ಬಿರುಕು ಎತ್ತ ಕರೆದೊಯ್ದರೆ ಅತ್ತ ಹೋಗುತ್ತದೆ. ಪಕ್ಕದ ಬಾವಿಗೆ ತಲುಪದ ನೀರು ದೂರದ ಬಾವಿಗೆ ಸೇರಬಹುದು. ಇದು ನನಗೆ ಪಾಠದಲ್ಲಿ ಗೊತ್ತಿದ್ದ ಸಂಗತಿಯೇ. ಆದರೂ ವೃತ್ತ ಎಳೆದು ದಿಕ್ಕು ಆರಿಸಿದ್ದೆ. ಜೂನ್ ತಿಂಗಳಲ್ಲಿ ಸ್ವಂತ ಜವಾಬ್ದಾರಿಯ ಮೇಲೆ ಮತ್ತೆ ಹೋಗಿ, ಟೇಪು ಇಳಿಬಿಟ್ಟು ಬಾವಿಯ ನೀರಿನ ಮಟ್ಟವನ್ನೂ ಕ್ವಾರಿಯ ನೀರಿನ ಮಟ್ಟವನ್ನೂ ಜೊತೆಜೊತೆಗೆ ಬರೆದಿಟ್ಟೆ. ಜೋರು ಮಳೆಯ ನಂತರ ಕ್ವಾರಿ ತುಂಬಿತು. ಕೆಲವೇ ದಿನಗಳಲ್ಲಿ ಬಾವಿ ಏರಿತು. ಎರಡರ ಲವಣಾಂಶವೂ ಹತ್ತಿರಹತ್ತಿರ ಬಂತು. ಅಜ್ಜಿಯ ಮಾತಿಗೆ ಪುರಾವೆ ಸಿಕ್ಕಿತ್ತು.

ಇದರ ಮಹತ್ವ ತಿಳಿಯಬೇಕಾದರೆ ನಿಯಮದ ಇನ್ನೊಂದು ಮಾತನ್ನು ನೋಡಬೇಕು. ಭೂಭರ್ತಿಯ ತಳದಲ್ಲಿ 90 ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ಪದರವಿರಬೇಕು, ಅದರೊಳಗೆ ನೀರು ಇಳಿಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗವನ್ನು ಮೀರಬಾರದು, ಮೇಲೆ 1.5 ಮಿಲಿಮೀಟರ್ ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ ಹಾಸಿರಬೇಕು; ಮತ್ತು ಅಂತರ್ಜಲದ ಅತಿ ಎತ್ತರದ ಮಟ್ಟವು ಆ ಮಣ್ಣಿನ ಪದರದ ತಳಕ್ಕಿಂತ ಕನಿಷ್ಠ ಎರಡು ಮೀಟರ್ ಕೆಳಗಿರಬೇಕು ಎಂದು 2016ರ ನಿಯಮ ಹೇಳುತ್ತಿತ್ತು. ಅತಿ ಎತ್ತರದ ಮಟ್ಟ ಎಂದರೆ ಮಳೆಗಾಲ ಮುಗಿಯುವ ಹೊತ್ತಿನದು. ನಾನು ಅಳೆದದ್ದು ಏಪ್ರಿಲ್‌ನಲ್ಲಿ, ನೀರು ಪಾತಾಳಕ್ಕೆ ಇಳಿದಾಗ. ಬೇಸಿಗೆಯ ಅಂಕಿಯನ್ನೇ ಇಟ್ಟುಕೊಂಡಿದ್ದರೆ ಪ್ರಸ್ತಾವಿತ ಗುಂಡಿ ನಿಯಮಕ್ಕೆ ಸಲೀಸಾಗಿ ಒಪ್ಪುತ್ತಿತ್ತು. ಅಕ್ಟೋಬರ್ ಕೊನೆಯ ಅಳತೆಯ ಪ್ರಕಾರ ಕ್ವಾರಿಯ ಬದಿಯ ಭಾಗ ಒಪ್ಪಲಿಲ್ಲ. ಗುಂಡಿಯನ್ನು ಜಮೀನಿನ ಇನ್ನೊಂದು ತುದಿಗೆ ಸರಿಸಿ ಅದರ ಆಳವನ್ನೂ ತಗ್ಗಿಸಬೇಕೆಂದು ಬರೆದೆ. ಕೆಲಸ ಕೊಟ್ಟವರ ಕಡೆಯಿಂದ ಅಸಮಾಧಾನ ಬಂತು, ನಾಲ್ಕು ತಿಂಗಳು ತಡವಾಯಿತೆಂಬ ದೂರೂ ಬಂತು. ಅಳತೆಯ ಪುಸ್ತಕವನ್ನು ಮುಂದಿಟ್ಟ ಮೇಲೆ ಬದಲಾವಣೆಗೆ ಒಪ್ಪಿಕೊಂಡರು.

ವಾಸನೆಯ ವಿಷಯದಲ್ಲೂ ಋತುವಿನ ತೊಡಕೇ ಎದುರಾಯಿತು. ವಾರಕ್ಕೆರಡು ದಿನದಂತೆ ಹನ್ನೆರಡು ವಾರ ಗಾಳಿ ಪರೀಕ್ಷೆ ಮಾಡಿ 24 ಗಂಟೆಗಳ ಸರಾಸರಿ ಕೊಡುವುದು ಪದ್ಧತಿ. ಆದರೆ ವಾಸನೆಗೆ ಸರಾಸರಿ ಎಂಬುದು ಇಲ್ಲ. ಬೆಳಗಿನ ಜಾವದ ಒಂದು ಗಂಟೆ ಉಸಿರು ಕಟ್ಟಿಸಿದರೆ ಉಳಿದ ಇಪ್ಪತ್ಮೂರು ಗಂಟೆಯ ಒಳ್ಳೆಯ ಗಾಳಿ ಅದಕ್ಕೆ ಪರಿಹಾರವಾಗುವುದಿಲ್ಲ. ಹೋಲಿಕೆಗೆಂದು ಆಗಲೇ ನಡೆಯುತ್ತಿದ್ದ ಇನ್ನೊಂದು ಗೊಬ್ಬರ ಘಟಕದ ಸುತ್ತಲಿನ ಹನ್ನೆರಡು ಮನೆಗಳಿಗೆ ಶಾಲೆಯ ನೋಟ್‌ಬುಕ್ ಕೊಟ್ಟು, ವಾಸನೆ ಬಂದಾಗಲೆಲ್ಲ ಹೊತ್ತು ಬರೆದಿಡಲು ಕೇಳಿಕೊಂಡೆ. ಒಂದು ಪುಸ್ತಕದಲ್ಲಿ ಏಳನೇ ತರಗತಿಯ ಹುಡುಗಿಯ ದುಂಡನೆಯ ಅಕ್ಷರದಲ್ಲಿ ‘ಬೆಳಿಗ್ಗೆ 5.30, ಹಾಲು ಕರೆಯುವಾಗ, ತುಂಬ’ ಎಂದಿತ್ತು. ಮರುದಿನವೂ, ಅದರ ಮರುದಿನವೂ ಅದೇ ಹೊತ್ತು. ನೆಲಕ್ಕೆ ತಂಪು ಕಟ್ಟಿ ಗಾಳಿ ಮೇಲೇಳದ ಹೊತ್ತದು. ಘಟಕದ ದಾಖಲೆ ನೋಡಿದರೆ ಗೊಬ್ಬರದ ಸಾಲುಗಳನ್ನು ತಿರುವಿ ಹಾಕುತ್ತಿದ್ದದ್ದು ಅದೇ ನಸುಕಿನಲ್ಲಿ. ಬಿಸಿಲೇರಿದ ಮೇಲೆ ಮಾತ್ರ ಸಾಲು ತಿರುವಬೇಕೆಂಬ, ಒಂದು ಪೈಸೆ ಖರ್ಚಿಲ್ಲದ ಷರತ್ತು ನಮ್ಮ ನಿರ್ವಹಣಾ ಯೋಜನೆಗೆ ಸೇರಿದ್ದು ಆ ನೋಟ್‌ಬುಕ್ಕಿನಿಂದ. ಮುಂಗಾರಿನಲ್ಲಿ ಗಾಳಿ ನೈರುತ್ಯ ಹಾಗೂ ಪಶ್ಚಿಮದಿಂದ ಬೀಸುತ್ತದೆ, ಕಸ ಆಗ ಅತಿ ಒದ್ದೆಯಾಗಿರುತ್ತದೆ. ಆದ್ದರಿಂದ ಪೂರ್ವ ಮತ್ತು ಈಶಾನ್ಯದ ಊರುಗಳ ಕಷ್ಟ ಬೇಸಿಗೆಯ ಅಧ್ಯಯನಕ್ಕೆ ಕಾಣುವುದೇ ಇಲ್ಲ ಎಂಬುದನ್ನೂ ಬೇರೆಯಾಗಿ ಬರೆದೆ.

ಅಹವಾಲು ಸಭೆಗೆ ಕನಿಷ್ಠ ಮೂವತ್ತು ದಿನ ಮೊದಲು ನೋಟಿಸು ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ನಮ್ಮ ಸಾರಾಂಶದ ಮೊದಲ ಕನ್ನಡ ಪ್ರತಿಯಲ್ಲಿ ‘ನಿಕ್ಷಾಲಿತ’ ಎಂಬ ಪದ ಹನ್ನೊಂದು ಕಡೆ ಇತ್ತು. ಆ ಊರಿನಲ್ಲಿ ಅದನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಕಸದಿಂದ ಸೋರುವ ಆ ದ್ರವವನ್ನು ಅವರು ಕಸದ ನೀರು ಎನ್ನುತ್ತಿದ್ದರು. ಎರಡು ರಾತ್ರಿ ಕುಳಿತು ಸಾರಾಂಶವನ್ನು ಮೊದಲಿನಿಂದ ನಾನೇ ಬರೆದೆ. ಎಚ್‌ಡಿಪಿಇ ಹಾಳೆಯನ್ನು ವಿವರಿಸಲು, ಕೃಷಿ ಹೊಂಡಕ್ಕೆ ಹಾಸುವಂಥದ್ದೇ, ಆದರೆ ಅದಕ್ಕಿಂತ ದಪ್ಪನೆಯದು ಎಂದು ಬರೆದಿದ್ದೆ. ಅದರಿಂದಾಗಿ ಸಭೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಬಂತು. ರೇಷ್ಮೆ ಬೆಳೆಯುವ ಯುವಕನೊಬ್ಬ ಎದ್ದು ನಿಂತು, ‘ನನ್ನ ಹೊಂಡದ ಹಾಳೇನ ಇಲಿ ಕಡಿದು ಮೂರೇ ವರ್ಷಕ್ಕೆ ನೀರು ಸೋರೋಕೆ ಶುರುವಾಯ್ತು. ಕಸದ ಕೆಳಗಿರೋ ಹಾಳೆ ಹರಿದ್ರೆ ನಿಮಗೆ ಹೆಂಗೆ ಗೊತ್ತಾಗ್ತದೆ?’ ಎಂದು ಕೇಳಿದ. ಸಭೆಯಲ್ಲಿ ಬಂದ ಪ್ರತಿ ಪ್ರಶ್ನೆಗೂ ಅಂತಿಮ ವರದಿಯಲ್ಲಿ ಲಿಖಿತ ಉತ್ತರ ಕೊಡಬೇಕಾದ್ದರಿಂದ, ಅವನ ಪ್ರಶ್ನೆ ಒಂದು ಪೂರ್ಣ ವಿಭಾಗವೇ ಆಯಿತು: ಹಾಳೆಯ ಕೆಳಗೆ ಸೋರಿಕೆ ಪತ್ತೆಹಚ್ಚುವ ಪದರ, ಬಿರುಕುಗಳ ಜಾಡು ಹಿಡಿದು ಕೊರೆದ ನಿಗಾ ಬಾವಿಗಳು, ಗುಂಡಿ ಮುಚ್ಚಿದ ಮೇಲೂ ಆಗಿನ ನಿಯಮ ಹೇಳಿದ ಹದಿನೈದು ವರ್ಷ ತಪ್ಪದೆ ಪರೀಕ್ಷೆ, ಫಲಿತಾಂಶವನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸುವ ವ್ಯವಸ್ಥೆ.

ಪರ್ಯಾಯಗಳ ಅಧ್ಯಾಯವನ್ನು ಹೆಚ್ಚಿನ ವರದಿಗಳಲ್ಲಿ ಎರಡು ಪುಟಕ್ಕೆ ಮುಗಿಸಿಬಿಡುತ್ತಾರೆ. ಮೂರು ಜಾಗಗಳ ಹೆಸರು ಕೊಟ್ಟು, ಎರಡು ಸೂಕ್ತವಲ್ಲ ಎಂದು ಬರೆಯುತ್ತಾರೆ. ನಾನು ಜಾಗದ ಪರ್ಯಾಯಕ್ಕಿಂತ ಕಸದ ಪರ್ಯಾಯಕ್ಕೆ ಹೆಚ್ಚು ಪುಟ ಕೊಟ್ಟೆ. ಹಸಿ ಕಸದ ಒಂದು ಪಾಲು ವಾರ್ಡಿನೊಳಗೇ ಗೊಬ್ಬರವೋ ಜೈವಿಕ ಅನಿಲವೋ ಆದರೆ ಲಾರಿಯ ಓಡಾಟ ಎಷ್ಟು ಇಳಿಯುತ್ತದೆ, ಗುಂಡಿಯ ಆಯಸ್ಸು ಎಷ್ಟು ಬೆಳೆಯುತ್ತದೆ ಎಂಬುದನ್ನು ನಮ್ಮ ಏಳು ದಿನಗಳ ಅಳತೆಯ ಆಧಾರದ ಮೇಲೆ ತೋರಿಸಿದೆ. ಇದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಆಕ್ಷೇಪ ಬಂತು. ಘಟಕದ ಗಾತ್ರ ನಿರ್ಧಾರವಾಗುವುದೇ ಅದರಿಂದ, ಗಾತ್ರ ನನ್ನ ವ್ಯಾಪ್ತಿಗೆ ಬರುತ್ತದೆ ಎಂದು ಉತ್ತರಿಸಿದೆ. ಅಧ್ಯಾಯ ಉಳಿಯಿತು. ಬೆರೆತ ಕಸ ತಂದ ಪ್ರತಿ ಲಾರಿಯನ್ನೂ ತೂಕದ ಸೇತುವೆಯಲ್ಲೇ ವಾರ್ಡಿನ ಹೆಸರು ಸಮೇತ ದಾಖಲಿಸಬೇಕೆಂಬ ನಮ್ಮ ಸಲಹೆಯನ್ನೂ ಯಾರೂ ತೆಗೆಯಲಿಲ್ಲ.

ಅಜ್ಜಿಯ ಬಾವಿಯನ್ನು ಒಂಬತ್ತನೆಯ ನೀರಿನ ಮಾದರಿಯಾಗಿ ವರದಿಗೆ ಸೇರಿಸಿದೆ. ಅದರ ಮಟ್ಟವನ್ನು ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ತಪ್ಪದೆ ಅಳೆಯಬೇಕೆಂದು ನಿಗಾ ಕೋಷ್ಟಕದಲ್ಲಿ ಬರೆದಿದ್ದೇನೆ.