2,692 ಕ್ಷಿಪಣಿಗಳನ್ನು ಒಡೆಸುವುದು ಹೇಗೆ: ಐಎನ್‌ಎಫ್ ಒಪ್ಪಂದದ ಕೆಲಸದ ಕ್ರಮ

ಎರಡು ಅಣ್ವಸ್ತ್ರ ದೇಶಗಳು ತಮ್ಮ ಕ್ಷಿಪಣಿಗಳನ್ನು ಎದುರಾಳಿಯ ಕಣ್ಣೆದುರೇ ಒಡೆಯಬೇಕಾದರೆ ಏನೇನು ಬೇಕು? ಇದನ್ನು ಮಾಡಿ ಮುಗಿಸಿದ ಒಂದು ಪಾಠ ನಮ್ಮ ಮುಂದಿದೆ. 1987ರ ಡಿಸೆಂಬರ್ 8ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಸೋವಿಯತ್ ನಾಯಕ ಗೋರ್ಬಚೆವ್ ಸಹಿ ಹಾಕಿದ, ಮಧ್ಯಮ ದೂರದ ಅಣ್ವಸ್ತ್ರ ಕ್ಷಿಪಣಿಗಳ ಕುರಿತ ಐಎನ್‌ಎಫ್ ಒಪ್ಪಂದ. ನೆಲದಿಂದ ಹಾರಿಸುವ, 500ರಿಂದ 5,500 ಕಿ.ಮೀ. ದೂರ ಹೋಗುವ ಕ್ಷಿಪಣಿಗಳೆಲ್ಲ ಅದರ ವ್ಯಾಪ್ತಿಗೆ ಬಂದವು. 1991ರ ಮೇ ಮುಗಿಯುವಷ್ಟರಲ್ಲಿ ಸೋವಿಯತ್ ಕಡೆಯ 1,846, ಅಮೆರಿಕದ ಕಡೆಯ 846 ಕ್ಷಿಪಣಿಗಳು ಗುಜರಿಯಾದವು. ತರಗತಿಯಲ್ಲಿ ಅಣಕು ಸಂಧಾನ ನಡೆಸುವವರಿಗೆ, ಇಂಥ ಒಪ್ಪಂದದ ಕರಡು ಓದಬೇಕಾದವರಿಗೆ ಉಪಯೋಗವಾಗಲೆಂದು ಆ ಕೆಲಸದ ಕ್ರಮ ಇಲ್ಲಿದೆ.

ಒತ್ತಡಕ್ಕೆ ಗಡುವೂ ಇರಲಿ, ಬಾಗಿಲೂ ಇರಲಿ

ಸೋವಿಯತ್ ಒಕ್ಕೂಟ ಎಪ್ಪತ್ತರ ದಶಕದ ಕೊನೆಯಲ್ಲಿ ಎಸ್‌ಎಸ್-20 ಎಂಬುದನ್ನು ನೆಲೆಗಳಲ್ಲಿ ತಂದಿರಿಸತೊಡಗಿತು. ಅದು ಮೂರು ಸಿಡಿತಲೆಗಳ, ಲಾರಿಯ ಮೇಲೆ ಊರೂರು ಸುತ್ತಬಲ್ಲ ಕ್ಷಿಪಣಿ. 1979ರ ಡಿಸೆಂಬರ್ 12ರಂದು ಅಮೆರಿಕ ಮತ್ತು ಪಶ್ಚಿಮ ಯುರೋಪಿನ ಸೇನಾ ಕೂಟವಾದ ನೇಟೊ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿತು: ಮಾತುಕತೆಗೆ ಬನ್ನಿ, ಅದು ಫಲಿಸದಿದ್ದರೆ 1983ರ ಕೊನೆಯಿಂದ ಅಮೆರಿಕದ 108 ಪರ್ಷಿಂಗ್-2, 464 ಕ್ರೂಸ್ ಕ್ಷಿಪಣಿಗಳನ್ನು ಯುರೋಪಿನಲ್ಲಿ ನಿಲ್ಲಿಸುತ್ತೇವೆ. ಇಲ್ಲಿ ಗಮನಿಸಬೇಕಾದದ್ದು, ಬೆದರಿಕೆಗೆ ಬಳಸಿದ ವಸ್ತುವೇ ಬಿಟ್ಟುಕೊಡಬಹುದಾದ ವಸ್ತುವೂ ಆಗಿತ್ತು. ಬಿಟ್ಟುಕೊಡಲು ಮನಸ್ಸಿಲ್ಲದ ಆಯುಧವನ್ನು ತೋರಿಸಿ ಹೆದರಿಸಿದರೆ ಎದುರಿನವರು ಚೌಕಾಶಿಗೆ ಇಳಿಯುವುದಿಲ್ಲ.

ಗಡುವು ಬಂದಾಗ ಏನಾಯಿತು? 1983ರ ನವೆಂಬರ್ 22ರಂದು ಪಶ್ಚಿಮ ಜರ್ಮನಿಯ ಸಂಸತ್ತು ಒಪ್ಪಿಗೆ ಕೊಟ್ಟಿತು, ಮರುದಿನವೇ ಸೋವಿಯತ್ ನಿಯೋಗ ಜಿನೀವಾದ ಮೇಜಿನಿಂದ ಎದ್ದುಹೋಯಿತು. ಮತ್ತೆ ಕೂತದ್ದು 1985ರ ಮಾರ್ಚ್‌ನಲ್ಲಿ. ಅಷ್ಟು ದಿನ ಒತ್ತಡದಿಂದ ಆದದ್ದು ಇಷ್ಟೇ: ಎರಡೂ ಕಡೆ ಕ್ಷಿಪಣಿ ಹೆಚ್ಚಿದವು. ಆದರೆ ಪಶ್ಚಿಮ ಜರ್ಮನಿಯಲ್ಲಿ ನಿಂತ ಪರ್ಷಿಂಗ್‌ಗಳು ಕೆಲವೇ ನಿಮಿಷಗಳಲ್ಲಿ ಸೋವಿಯತ್ ನೆಲ ಮುಟ್ಟಬಲ್ಲವಾಗಿದ್ದರಿಂದ, ಎಸ್‌ಎಸ್-20 ಇಟ್ಟುಕೊಳ್ಳುವುದೇ ನಷ್ಟದ ವ್ಯಾಪಾರವಾಯಿತು. 1986ರಲ್ಲಿ ತೈಲದ ಬೆಲೆ ಕುಸಿದು ಮಾಸ್ಕೋದ ಬೊಕ್ಕಸಕ್ಕೂ ಏಟು ಬಿತ್ತು. ಒತ್ತಡ ಎದುರಾಳಿಯನ್ನು ಮೇಜಿನ ತನಕ ತರುತ್ತದೆ, ಕಲಮುಗಳನ್ನು ಬರೆದುಕೊಡುವುದಿಲ್ಲ.

ಗಂಟು ಬಿಚ್ಚಿ

1986ರ ಅಕ್ಟೋಬರ್ 11, 12ರಂದು ರೇಕ್ಯಾವಿಕ್‌ನ ಹೋಫ್ಡಿ ಮನೆಯಲ್ಲಿ ಎಲ್ಲವೂ ಒಂದೇ ಗಂಟಿನಲ್ಲಿತ್ತು: ದೂರಗಾಮಿ ಕ್ಷಿಪಣಿ, ಮಧ್ಯಮ ದೂರದ ಕ್ಷಿಪಣಿ, ರೇಗನ್‌ರ ಬಾಹ್ಯಾಕಾಶ ರಕ್ಷಣಾ ಯೋಜನೆ. ಆ ಯೋಜನೆಯ ಪ್ರಯೋಗಗಳು ‘ಪ್ರಯೋಗಾಲಯ’ದ ಒಳಗೇ ಇರಬೇಕೆಂಬ ಒಂದು ಪದಕ್ಕೆ ಇಡೀ ಗಂಟು ಮುಳುಗಿತು. ಆದರೆ ಮಧ್ಯಮ ದೂರದ ಕ್ಷಿಪಣಿಗಳ ವಿಷಯದಲ್ಲಿ ಬಹುಪಾಲು ಒಮ್ಮತ ಆಗಿಹೋಗಿತ್ತು. ಗೊರ್ಕಿ ನಗರದ ಗಡಿಪಾರಿನಿಂದ ಮರಳಿದ್ದ ಸೋವಿಯತ್ ಅಣು ವಿಜ್ಞಾನಿ ಸಖರೋವ್ ಆ ಗಂಟು ಬಿಚ್ಚಬೇಕೆಂದು ಮಾಸ್ಕೋದಲ್ಲೇ ವಾದಿಸಿದರು. 1987ರ ಫೆಬ್ರವರಿ 28ರಂದು ಗೋರ್ಬಚೆವ್ ಬಿಚ್ಚಿದರು, ಒಂಬತ್ತೇ ತಿಂಗಳಲ್ಲಿ ಸಹಿ ಬಿತ್ತು. ಹಾಗಾಗಿ ಮಾತುಕತೆ ಮುರಿದುಬಿದ್ದ ದಿನವೇ, ಯಾವುದರಲ್ಲಿ ಒಪ್ಪಿಗೆ ಆಗಿತ್ತು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದಿಡಿ.

ಕೆಲವನ್ನು ಎಣಿಸುವುದಕ್ಕಿಂತ ಸೊನ್ನೆ ಎಣಿಸುವುದು ಸುಲಭ

ರೇಕ್ಯಾವಿಕ್‌ನಲ್ಲಿ ಆಗಿದ್ದ ಮಾತಿನ ಪ್ರಕಾರ ಯುರೋಪಿನ ಹೊರಗೆ ಎರಡೂ ಕಡೆಗೆ ನೂರು ನೂರು ಸಿಡಿತಲೆ ಉಳಿಯಬೇಕಿತ್ತು. ನೂರು ಉಳಿದರೆ ಕಾರ್ಖಾನೆಯೂ ತರಬೇತಿಯೂ ಬಿಡಿಭಾಗವೂ ಉಳಿಯುತ್ತವೆ. ಉಪಗ್ರಹಕ್ಕೆ ಒಂದು ಕ್ಷಿಪಣಿ ಕಂಡರೆ ಅದು ನೂರರೊಳಗಿನದೋ ನೂರ ಒಂದನೆಯದೋ ಹೇಳಲಾಗದು. 1987ರ ಜುಲೈನಲ್ಲಿ ಗೋರ್ಬಚೆವ್ ಏಷ್ಯಾದ ಪಾಲನ್ನೂ ಬಿಟ್ಟರು. ಆಮೇಲೆ ಲೆಕ್ಕ ನೇರವಾಯಿತು: ಒಂದು ಕಂಡರೂ ಉಲ್ಲಂಘನೆ. ಇಡೀ ಒಪ್ಪಂದದಲ್ಲಿ ಇದಕ್ಕಿಂತ ಜಾಣತನದ ನಿರ್ಧಾರ ಇನ್ನೊಂದಿಲ್ಲ.

ಗಡಿಗೆರೆಯಲ್ಲಿ ನಿಂತ ಆಯುಧದಿಂದ ಜಗಳ ಖಂಡಿತ. ಎಸ್‌ಎಸ್-23ರ ವ್ಯಾಪ್ತಿ 400 ಕಿ.ಮೀ. ಮಾತ್ರ ಎಂದು ಸೋವಿಯತ್ ಸೇನೆ ಹೇಳುತ್ತಿತ್ತು, ಅಂದರೆ 500ರ ಗೆರೆಯ ಕೆಳಗೆ. ಆದರೂ ಗೋರ್ಬಚೆವ್ ಅದನ್ನು ಪಟ್ಟಿಗೆ ಸೇರಿಸಿದರು, ಜನರಲ್‌ಗಳು ಆ ಸಿಟ್ಟನ್ನು ಮರೆಯಲಿಲ್ಲ. ದೂರದ ಅಳತೆಯೊಂದನ್ನೇ ನಂಬದೆ ಪ್ರತಿ ಮಾದರಿಯ ಹೆಸರನ್ನೂ ಬರೆಯಿರಿ. ಮೂರನೆಯವರ ಕೈಯಲ್ಲಿರುವುದನ್ನೂ ಕೇಳಿ. ಪಶ್ಚಿಮ ಜರ್ಮನಿಯ 72 ಪರ್ಷಿಂಗ್-1ಎ ಕ್ಷಿಪಣಿಗಳನ್ನು ಬಿಡಲು ಅಲ್ಲಿನ ಚಾನ್ಸಲರ್ ಕೋಲ್ ಒಪ್ಪಿದ ಮೇಲೆಯೇ ದಾರಿ ತೆರವಾಯಿತು. ಅತ್ತ, ಪೂರ್ವ ಜರ್ಮನಿ, ಚೆಕೊಸ್ಲೊವಾಕಿಯಾ, ಬಲ್ಗೇರಿಯಾಗಳ ಬಳಿ ಎಸ್‌ಎಸ್-23 ಇದ್ದದ್ದು ಬಯಲಾದದ್ದು 1990ರಲ್ಲಿ!

ಪಟ್ಟಿ, ಚಿತ್ರ, ಅಳತೆ

ಒಪ್ಪಂದದ ಜೊತೆಗಿನ ದತ್ತಾಂಶ ಪತ್ರವೇ ಅದರ ಬೆನ್ನೆಲುಬು. ಪ್ರತಿ ನೆಲೆಯ ಅಕ್ಷಾಂಶ ರೇಖಾಂಶ, ಅಲ್ಲಿರುವ ಕ್ಷಿಪಣಿ ಮತ್ತು ಅದನ್ನು ಹಾರಿಸುವ ಲಾಂಚರ್‌ಗಳ ಸಂಖ್ಯೆ, ಪ್ರತಿ ಹಂತದ ಉದ್ದ, ವ್ಯಾಸ, ತೂಕ, ಫೋಟೊ. ಎಸ್‌ಎಸ್-20 ಸದಾ ಕೊಳವೆಯೊಳಗೇ ಇರುವ ಕ್ಷಿಪಣಿ. ಸೋವಿಯತ್ ಕಡೆಯವರು ಮೊದಲು ಕೊಟ್ಟದ್ದು ಆ ಕೊಳವೆಯ ಫೋಟೊ, ಹೊರತೆಗೆದ ಕ್ಷಿಪಣಿಯ ಫೋಟೊಕ್ಕಾಗಿ ಕೊನೆಯ ಗಳಿಗೆಯವರೆಗೂ ಹಗ್ಗಜಗ್ಗಾಟ ನಡೆಯಿತು. ಪಟ್ಟಿ ಕೈಗೆ ಬಂದ ಮೇಲೆ ಅದನ್ನು ಸ್ಥಳಕ್ಕೇ ಹೋಗಿ ತಾಳೆ ನೋಡಬೇಕು. ಒಪ್ಪಂದ 1988ರ ಜೂನ್ 1ರಂದು ಜಾರಿಗೆ ಬಂತು, ಜುಲೈ ಮತ್ತು ಆಗಸ್ಟ್ ಪೂರ್ತಿ ಈ ತಾಳೆಗೇ ಹೋಯಿತು. (ಭಾರತ ಮತ್ತು ಪಾಕಿಸ್ತಾನ ಪ್ರತಿ ಜನವರಿ 1ರಂದು ಪರಮಾಣು ಸ್ಥಾವರಗಳ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತವೆ. ಅಲ್ಲಿ ಪಟ್ಟಿ ಇದೆ, ಹೋಗಿ ನೋಡುವ ಹಕ್ಕಿಲ್ಲ.)

ಒಡೆಯುವ ಬಗೆ

‘ನಾಶ ಮಾಡತಕ್ಕದ್ದು’ ಎಂದು ಬರೆದು ಕೈತೊಳೆದುಕೊಂಡರೆ ಕೆಟ್ಟಿರಿ. ಎಲ್ಲಿ ಕತ್ತರಿಸಬೇಕು, ಎಷ್ಟು ಕತ್ತರಿಸಬೇಕು ಎಂಬುದು ಕಾಗದದ ಮೇಲೆ ಇರಬೇಕು. ಎಸ್‌ಎಸ್-20 ಲಾಂಚರ್‌ಗೆ ಬರೆದದ್ದು ಹೀಗೆ: ಕ್ಷಿಪಣಿಯನ್ನು ಎತ್ತಿ ನಿಲ್ಲಿಸುವ ಯಂತ್ರವನ್ನು ವಾಹನದಿಂದ ಬಿಚ್ಚಿ, ಜೋಡಣೆಯ ಕೀಲು ಇಲ್ಲದ ಜಾಗದಲ್ಲಿ, ಹೆಚ್ಚುಕಡಿಮೆ ಸಮನಾದ ಎರಡು ತುಂಡು ಮಾಡಬೇಕು, ವಾಹನದ ಚಾಸಿಯನ್ನು ಹಿಂದಿನ ಅಚ್ಚಿನ ಆಚೆ ಕನಿಷ್ಠ 0.78 ಮೀಟರ್ ಕತ್ತರಿಸಬೇಕು. ‘ಕೀಲು ಇಲ್ಲದ ಜಾಗ’ ಎಂಬ ಮಾತು ಯಾಕೆಂದರೆ, ಕೀಲಿನಲ್ಲಿ ಬಿಡಿಸಿದ್ದನ್ನು ನಾಳೆ ಬೋಲ್ಟು ಹಾಕಿ ಮತ್ತೆ ಕೂಡಿಸಬಹುದು. ಉಳಿದ ವಾಹನವನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಲು ಅಡ್ಡಿಯಿಲ್ಲ.

ಘನ ಇಂಧನದ ಎಂಜಿನ್ ಇದ್ದವನ್ನು ಸುಡಬೇಕು ಇಲ್ಲವೇ ಸಿಡಿಸಬೇಕು. ಪರ್ಷಿಂಗ್ ಎಂಜಿನ್‌ಗಳನ್ನು ಟೆಕ್ಸಸ್‌ನ ಲಾಂಗ್‌ಹಾರ್ನ್ ಮತ್ತು ಕೊಲರಾಡೊದ ಪ್ಯೂಬ್ಲೊದಲ್ಲಿ ನೆಲಕ್ಕೆ ಬಿಗಿದು ಉರಿಸಿ, ಖಾಲಿ ಕವಚಗಳನ್ನು ಒತ್ತಿ ಚಪ್ಪಟೆ ಮಾಡಿದರು. ಎಸ್‌ಎಸ್-20ಗಳನ್ನು ರಷ್ಯಾದ ಕಪುಸ್ತಿನ್ ಯಾರ್ ಪರೀಕ್ಷಾ ನೆಲೆಯಲ್ಲಿ ಸಿಡಿಸಿದರು. ಮೊದಲ ಆರು ತಿಂಗಳಲ್ಲಿ ನೂರರವರೆಗೆ ಹಾರಿಸಿಯೇ ಮುಗಿಸಬಹುದೆಂಬ ರಿಯಾಯಿತಿ ಇತ್ತು, ಅದರಡಿ ಸೈಬೀರಿಯಾದಿಂದ 72 ಹಾರಿದವು. ಕ್ರೂಸ್ ಕ್ಷಿಪಣಿಯನ್ನು ಉದ್ದುದ್ದಕ್ಕೆ ಸೀಳಿ ರೆಕ್ಕೆ, ಬಾಲ ಕತ್ತರಿಸಿದರು. ಮುಖ್ಯವಾದದ್ದೊಂದನ್ನು ಒಡೆಯಲಿಲ್ಲ: ಸಿಡಿತಲೆಯೊಳಗಿನ ಅಣು ಸಾಧನ. ಅದನ್ನು ಮೊದಲೇ ಬಿಚ್ಚಿ ಮನೆಗೊಯ್ಯಲು ಒಪ್ಪಂದವೇ ಅವಕಾಶ ಕೊಟ್ಟಿತ್ತು. ಅದರ ಗುಟ್ಟನ್ನು ಎದುರಾಳಿಗೆ ತೋರಿಸಲು ಇಬ್ಬರೂ ತಯಾರಿರಲಿಲ್ಲ.

ಗಡಿಯಾರ ಹಿಡಿದು ತಪಾಸಣೆ

ದಿಢೀರ್ ತಪಾಸಣೆಯಲ್ಲಿ ಎಲ್ಲವೂ ಗಂಟೆಗಳ ಲೆಕ್ಕ. ಬರುವ 16 ಗಂಟೆ ಮೊದಲು ಸೂಚನೆ, ಆದರೆ ಯಾವ ನೆಲೆಗೆ ಎಂದು ಹೇಳುವುದಿಲ್ಲ. ವಿಮಾನ ಇಳಿದ 4ರಿಂದ 24 ಗಂಟೆಯೊಳಗೆ ಜಾಗದ ಹೆಸರು ಹೇಳಬೇಕು. ಹೆಸರು ಹೇಳಿದ ಒಂದು ಗಂಟೆಯೊಳಗೆ ಆ ನೆಲೆಯಿಂದ ಕ್ಷಿಪಣಿ ಹಿಡಿಸುವಂಥ ಯಾವುದೂ ಹೊರಹೋಗದಂತೆ ತಡೆ ಹಾಕಬೇಕು, 9 ಗಂಟೆಯೊಳಗೆ ತಂಡ ಅಲ್ಲಿ ಇಳಿಯಬೇಕು. ತಂಡದಲ್ಲಿ ಹೆಚ್ಚೆಂದರೆ ಹತ್ತು ಜನ, ಅವರಲ್ಲಿ ಕನಿಷ್ಠ ಇಬ್ಬರಿಗೆ ಆತಿಥೇಯರ ಭಾಷೆ ಬರಬೇಕು. ವರ್ಷದ ಕೋಟಾ ಮೊದಲ ಮೂರು ವರ್ಷ 20, ಮುಂದಿನ ಐದು ವರ್ಷ 15, ಕೊನೆಯ ಐದು ವರ್ಷ 10. ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ನೋಡುತ್ತೇವೆ ಎಂದು ಮೊದಲು ಪಟ್ಟು ಹಿಡಿದದ್ದು ಅಮೆರಿಕ. ಸೋವಿಯತ್ ಕಡೆ ಒಪ್ಪುವ ಸೂಚನೆ ಕಂಡಾಗ ತನ್ನ ಕಾರ್ಖಾನೆಗಳು ನೆನಪಾಗಿ ಹಿಂದೆ ಸರಿದದ್ದೂ ಅಮೆರಿಕವೇ.

ಕಾರ್ಖಾನೆಯ ಬಾಗಿಲೇ ಅತ್ಯಂತ ಕಷ್ಟದ ಜಾಗ. ಒಪ್ಪಂದದ ಹೊರಗಿದ್ದ, ಒಂದೇ ಸಿಡಿತಲೆಯ ದೂರಗಾಮಿ ಕ್ಷಿಪಣಿ ಎಸ್‌ಎಸ್-25 ರಷ್ಯಾದ ವೋಟ್ಕಿನ್ಸ್ಕ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅದರ ಮೊದಲ ಹಂತ ನೋಡಲು ಎಸ್‌ಎಸ್-20ರದ್ದರಂತೆಯೇ. ಅದಕ್ಕಾಗಿ ಅಮೆರಿಕದ ಗರಿಷ್ಠ 30 ಜನ ಆ ಗೇಟಿನ ಬಳಿಯೇ ಬೀಡುಬಿಟ್ಟರು. ಅದಕ್ಕೆ ಸರಿಯಾಗಿ ಯೂಟಾದ ಮ್ಯಾಗ್ನಾದಲ್ಲಿ ಸೋವಿಯತ್ ತಂಡ ಕೂತಿತು. ಕೊಳವೆಯೊಳಗೆ ಏನಿದೆ ಎಂದು ನೋಡಲು ವೋಟ್ಕಿನ್ಸ್ಕ್ ಗೇಟಿನಲ್ಲಿ ಅಮೆರಿಕದವರು ಎಕ್ಸ್-ರೇ ಯಂತ್ರ ನಿಲ್ಲಿಸಿದರು. ಅದನ್ನು ಬಳಸುವ ಕ್ರಮದ ಮೇಲೆ ತಕರಾರು ಎದ್ದು, 1990ರ ಮಾರ್ಚ್‌ನಲ್ಲಿ ಕೆಲವು ಕ್ಷಿಪಣಿಗಳು ಎಕ್ಸ್-ರೇ ಆಗದೆಯೇ ಗೇಟು ದಾಟಿದವು. ಹಿಂದೆ ಎಸ್‌ಎಸ್-20 ಇದ್ದ ನೆಲೆಗಳಲ್ಲಿ ಎಸ್‌ಎಸ್-25 ಬಂದು ನಿಂತಾಗ ನ್ಯೂಟ್ರಾನ್ ಅಳೆದು ನೋಡುತ್ತಿದ್ದರು, ಏಕೆಂದರೆ ಮೂರು ಸಿಡಿತಲೆಯ ಕ್ಷಿಪಣಿಯಿಂದ ಬರುವ ನ್ಯೂಟ್ರಾನ್ ಪ್ರಮಾಣವೂ ಒಂದೇ ಸಿಡಿತಲೆಯದ್ದೂ ಬೇರೆ ಬೇರೆ.

ಕರಡಿನಲ್ಲಿ ಉಳಿದ ಒಂದು ತೂತು: ಒಪ್ಪಂದಕ್ಕೆ ಕಾಲಮಿತಿ ಇರಲಿಲ್ಲ, ತಪಾಸಣೆಗೆ ಮಾತ್ರ 13 ವರ್ಷದ ಮಿತಿ ಇತ್ತು. 2001ರಲ್ಲಿ ತಂಡಗಳು ಗಂಟುಮೂಟೆ ಕಟ್ಟಿದವು. ಮುಂದೆ ರಷ್ಯಾದ 9ಎಂ729 ಕ್ರೂಸ್ ಕ್ಷಿಪಣಿ 500 ಕಿ.ಮೀ. ಮೀರಿದೆ ಎಂದು ಅಮೆರಿಕ ದೂರಿದಾಗ, ಟೇಪು ಹಿಡಿದು ಹೋಗಿ ನೋಡುವ ಹಕ್ಕು ಯಾರ ಬಳಿಯೂ ಉಳಿದಿರಲಿಲ್ಲ. 2019ರ ಆಗಸ್ಟ್ 2ರಂದು ಅಮೆರಿಕ ಹೊರನಡೆಯಿತು. ನೀವು ಕರಡು ಬರೆಯುವುದಾದರೆ ತಪಾಸಣೆಯ ಅವಧಿಯ ಕಲಮಿನಲ್ಲಿ ವರ್ಷ ಹಾಕಬೇಡಿ. ‘ಒಪ್ಪಂದ ಇರುವವರೆಗೆ’ ಎಂದು ಬರೆಯಿರಿ.