ಬಿತ್ತನೆಯ ಜೊತೆಗೇ ಗೊಬ್ಬರ: ಮೆಕ್ಕೆಜೋಳದಲ್ಲಿ ನನ್ನ ಅನುಭವ

ಮೆಕ್ಕೆಜೋಳ ಬಿತ್ತುವಾಗಲೇ ಸಾಲಿನಲ್ಲಿ ಸ್ವಲ್ಪ ಗೊಬ್ಬರ ಕೊಡುವ ಪದ್ಧತಿಯನ್ನು ನಾನು ಮುಖ್ಯವಾಗಿ ರಂಜಕಕ್ಕಾಗಿ ಅನುಸರಿಸುತ್ತೇನೆ. ರಂಜಕವು ಮಣ್ಣಿನಲ್ಲಿ ಬಿದ್ದ ಜಾಗದಿಂದ ಕೆಲವೇ ಮಿಲಿಮೀಟರ್‌ಗಳಷ್ಟು ಸರಿಯುವುದರಿಂದ ಗಿಡದ ಬೇರೇ ಅದರ ಬಳಿಗೆ ಹೋಗಬೇಕು. ಮಣ್ಣು ತಣ್ಣಗಿದ್ದಾಗ ಎಳೆಯ ಬೇರು ನಿಧಾನವಾಗಿ ಬೆಳೆಯುತ್ತದೆ. ಆಗ ಹೊಲದಲ್ಲಿ ರಂಜಕ ಸಾಕಷ್ಟಿದ್ದರೂ ಸಸಿಗೆ ಎಟುಕದೆ ಎಲೆಯ ಅಂಚು ನೇರಳೆ ಬಣ್ಣಕ್ಕೆ ತಿರುಗುವುದನ್ನು ಕಂಡಿದ್ದೇನೆ.

ಗೊಬ್ಬರದ ಪ್ರಮಾಣಕ್ಕಿಂತ ಅದು ಬೀಳುವ ಜಾಗದ ಬಗ್ಗೆಯೇ ನನಗೆ ಹೆಚ್ಚು ಎಚ್ಚರಿಕೆ. ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, ಬೀಜಕ್ಕಿಂತ 5 ಸೆಂ.ಮೀ. ಆಳಕ್ಕೆ ಬೀಳುವಂತೆ ಕೂರಿಗೆಯ ಗೊಬ್ಬರದ ತಾಳನ್ನು (ನೆಲ ಸೀಳಿ ಗೊಬ್ಬರ ಇಳಿಸುವ ಭಾಗ) ಹೊಂದಿಸುತ್ತೇನೆ. ಪ್ರತಿ ಹೊಲದಲ್ಲೂ ಸ್ವಲ್ಪ ದೂರ ಬಿತ್ತಿದ ಕೂಡಲೇ ನಿಲ್ಲಿಸಿ, ಸಾಲನ್ನು ಕೈಯಿಂದ ಬಗೆದು ಅಳೆಯುತ್ತೇನೆ. ಏಕೆಂದರೆ ನೆಲ ಗಟ್ಟಿಯಿದ್ದ ಕಡೆ ತಾಳು ಮೇಲೆದ್ದು, ಗೊಬ್ಬರ ಬೀಜದ ಮಟ್ಟಕ್ಕೇ ಬಂದುಬಿಡುತ್ತದೆ. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದಲ್ಲಿ ಶೇ. 46 ರಂಜಕದ (P₂O₅ ಲೆಕ್ಕದಲ್ಲಿ) ಜೊತೆಗೆ ಶೇ. 18 ಸಾರಜನಕವೂ ಇರುತ್ತದೆ. ಅದು ಕರಗುವಾಗ ಹೊರಬರುವ ಅಮೋನಿಯಾ ಮತ್ತು ಉಪ್ಪಿನಂಶ ಎರಡೂ ಮೊಳಕೆಯನ್ನು ಸುಡಬಲ್ಲವು. ಬೀಜದ ಜೊತೆಗೇ ಹಾಕುವುದಾದರೆ ಸಾರಜನಕ ಮತ್ತು ಪೊಟ್ಯಾಷ್ ಸೇರಿ ಹೆಕ್ಟೇರಿಗೆ ಸುಮಾರು 11 ಕೆ.ಜಿ. ಮೀರಬಾರದು, ಮರಳು ಮಣ್ಣಿನಲ್ಲಿ ಅಥವಾ ಹದ ಕಡಿಮೆಯಿದ್ದಾಗ ಅದನ್ನೂ ತಗ್ಗಿಸಬೇಕು. ಯೂರಿಯಾವನ್ನಂತೂ ಬೀಜದ ಸಾಲಿಗೆ ನಾನು ಬಿಡುವುದಿಲ್ಲ. ಸೋಯಾ ಅವರೆಯ ಮೊಳಕೆ ಇನ್ನೂ ಸೂಕ್ಷ್ಮವಾದ್ದರಿಂದ ಅದರ ಬೀಜಕ್ಕೆ ಯಾವ ಗೊಬ್ಬರವನ್ನೂ ತಾಗಿಸುವುದಿಲ್ಲ.

ಬಿತ್ತನೆಯ ಗೊಬ್ಬರದಿಂದ ಮೆಕ್ಕೆಜೋಳದ ಇಳುವರಿ ಹೆಚ್ಚುತ್ತದೆಯೇ ಎಂಬುದನ್ನು ತಿಳಿಯಲು, ಉಳಿದೆಲ್ಲ ಆರೈಕೆಯನ್ನು ಒಂದೇ ರೀತಿ ಮಾಡಿ, ಕೆಲವು ಸಾಲುಗಳನ್ನು ಗೊಬ್ಬರವಿಲ್ಲದೆ ಬಿಟ್ಟು ಕಾಳನ್ನು ಬೇರೆಯಾಗಿ ತೂಗುತ್ತೇನೆ. ಮಣ್ಣು ಪರೀಕ್ಷೆಯಲ್ಲಿ ರಂಜಕ ಹೆಚ್ಚಿದ್ದು, ನೆಲ ಬೆಚ್ಚಗಾದ ಮೇಲೆ ಬಿತ್ತಿದ ಹೊಲಗಳಲ್ಲಿ ಆರಂಭದ ಕಡುಹಸಿರು ಕಣ್ಣಿಗೆ ಚೆನ್ನಾಗಿ ಕಂಡರೂ ಹೂ ಬಿಡುವ ವೇಳೆಗೆ ವ್ಯತ್ಯಾಸ ಅಳಿಸಿಹೋಗಿ ತೂಕ ಸಮನಾಗಿಯೇ ಬಂದಿದೆ. ರಂಜಕ ಕಡಿಮೆಯಿರುವ ನೆಲದಲ್ಲಿ, ಹಾಗೆಯೇ ಉಳುಮೆ ಮಾಡದೆ ಹಿಂದಿನ ಬೆಳೆಯ ಕಸಕಡ್ಡಿ ಮುಚ್ಚಿಕೊಂಡು ತಣ್ಣಗಿರುವ ನೆಲದಲ್ಲಿ, ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು) ಬೇಗ ಹೊರಟಿದೆ, ಕೊಯ್ಲಿನಲ್ಲಿ ಕಾಳಿನ ತೇವವೂ ಕಡಿಮೆಯಿದೆ, ತೂಕವೂ ಹೆಚ್ಚಿದೆ. ಆದ್ದರಿಂದ ಈಗ ಅಂತಹ ಹೊಲಗಳಿಗೆ ಮಾತ್ರ ಈ ಗೊಬ್ಬರ ಕೊಡುತ್ತೇನೆ ಮತ್ತು ಅದರ ರಂಜಕವನ್ನು ಬೆಳೆಯ ಒಟ್ಟು ಲೆಕ್ಕದಿಂದಲೇ ಕಳೆಯುತ್ತೇನೆ. ಸಾರಜನಕದ ದೊಡ್ಡ ಪಾಲನ್ನು ಎಂದಿನಂತೆ, ಗಿಡ ಆರು ಎಲೆಯ ಹಂತಕ್ಕೆ ಬರುವ ಹೊತ್ತಿಗೆ ಮೇಲುಗೊಬ್ಬರವಾಗಿ ಕೊಡುತ್ತೇನೆ.