ನಮ್ಮ ಚರ್ಚು ಓಟಿಗೆ ಹೋದಾಗ: ಒಬ್ಬ ಬೀದರ್ ಮೆಥೋಡಿಸ್ಟಳ ಅನುಭವ

ಅಮೆರಿಕದ ಯುನೈಟೆಡ್ ಮೆಥೋಡಿಸ್ಟ್ ಚರ್ಚಿನಲ್ಲಿ ಉಳಿಯಬೇಕಾ, ಬಿಡಬೇಕಾ ಎಂದು ತೀರ್ಮಾನ ಮಾಡಲು ಅಲ್ಲಿನ ಸ್ಥಳೀಯ ಸಭೆಗಳಿಗೆ 2023ರ ಡಿಸೆಂಬರ್ 31ರವರೆಗೆ ಗಡುವು ಇತ್ತು. ಆ ಹೊತ್ತಿಗೆ 7,600ಕ್ಕೂ ಜಾಸ್ತಿ ಸಭೆಗಳು ಬಿಟ್ಟು ಹೋದವು. ಅಂದರೆ ಹೆಚ್ಚೂಕಡಿಮೆ ಕಾಲು ಭಾಗ. ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ಪಕ್ಕದಲ್ಲಿರುವ ನಮ್ಮ ಸಭೆ ಉಳಿಯಿತು. ಆದರೆ ಉಳಿದ ರೀತಿ ವಿಚಿತ್ರ. ಅರ್ಧಕ್ಕಿಂತ ಹೆಚ್ಚು ಜನ ಬಿಡೋಣ ಅಂದಿದ್ದರು. ನಾನಾಗ ಅಲ್ಲಿ ಲೇ ಲೀಡರ್ ಆಗಿದ್ದೆ. ಪಾಸ್ಟರ್ ಅಲ್ಲದ ಸಾಮಾನ್ಯ ಸದಸ್ಯರ ಪ್ರತಿನಿಧಿ ಅನ್ನಿ. ಮಾತುಕತೆ ನಡೆಸುವ ಹೊಣೆ ನನ್ನ ಮೇಲೆ ಬಿತ್ತು.

ಜಗಳದ ಮೂಲ ಹಳೆಯದು. ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ಸಾಲು ಈ ಪಂಗಡದ ನಿಯಮಪುಸ್ತಕಕ್ಕೆ ಸೇರಿದ್ದು 1972ರಲ್ಲಿ. ಸಲಿಂಗಿಗಳು ಪಾಸ್ಟರ್ ಆಗಬಾರದು ಎಂಬ ನಿಷೇಧ ಬಂದದ್ದು 1984ರಲ್ಲಿ. 2019ರ ಫೆಬ್ರವರಿಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ಇಡೀ ಪಂಗಡಕ್ಕೆ ನಿಯಮ ಮಾಡುವ ಮಹಾಸಭೆ ವಿಶೇಷವಾಗಿ ಸೇರಿ, 438ಕ್ಕೆ 384 ಮತಗಳಿಂದ ನಿಷೇಧವನ್ನು ಇನ್ನೂ ಬಿಗಿ ಮಾಡಿತು. ಒಪ್ಪದವರು ಹೊರಗೆ ಹೋಗಲು ದಾರಿ ಇರಲಿ ಎಂದು 2553ನೇ ಕಲಮನ್ನೂ ಸೇರಿಸಿತು. ತಮಾಷೆ ಏನಂದ್ರೆ, ಆ ಬಾಗಿಲಿನಿಂದ ಹೊರಗೆ ಹೋದವರಲ್ಲಿ ಹೆಚ್ಚಿನವರು ಗೆದ್ದ ಕಡೆಯವರೇ. ಬಿಗಿ ಮಾಡಿದ ನಿಯಮ ಇಲ್ಲಿ ನಿಲ್ಲುವುದಿಲ್ಲ ಎಂದು ಅವರಿಗೆ ಆಗಲೇ ಗೊತ್ತಿತ್ತು. 2022ರ ಮೇ 1ರಂದು ಗ್ಲೋಬಲ್ ಮೆಥೋಡಿಸ್ಟ್ ಚರ್ಚ್ ಎಂಬ ಹೊಸ ಪಂಗಡ ಶುರುವಾಯಿತು. ಆಮೇಲೆ ನಮ್ಮಲ್ಲೂ ಗುಸುಗುಸು ಜೋರಾಯಿತು.

ಬೀದರಿನಲ್ಲಿ ಬೆಳೆದ ನನಗೆ ಇದೆಲ್ಲ ಮೊದಲು ತಲೆಗೇ ಹತ್ತಲಿಲ್ಲ. ನಮ್ಮ ಕಡೆ ಪಂಗಡವನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಅಜ್ಜನ ಕಾಲದಲ್ಲಿ ಯಾವ ಮಿಷನ್ ಬಂತೋ ಅದೇ ನಮ್ಮದು. ನನ್ನ ಗಂಡ ಮೈಸೂರಿನವರು. ಅವರ ಹಿರಿಯರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್‌ನವರು, 1947ರ ಸೆಪ್ಟೆಂಬರ್ 27ರಂದು ರಾತ್ರಿ ಬೆಳಗಾಗುವುದರಲ್ಲಿ ಸಿಎಸ್‌ಐ ಆದರು, ಅಂದರೆ ಹಲವು ಪಂಗಡಗಳು ಒಂದಾಗಿ ಆದ ಚರ್ಚ್ ಆಫ್ ಸೌತ್ ಇಂಡಿಯಾ. ಬೀದರ್, ಕೋಲಾರದ ನಮ್ಮ ಅಮೆರಿಕನ್ ಮಿಷನ್‌ನವರು ಆ ಐಕ್ಯಕ್ಕೆ ಹೋಗಲಿಲ್ಲ. ಹಾಗಾಗಿ ಇಬ್ಬರೂ ಮೆಥೋಡಿಸ್ಟ್ ಮೂಲಪುರುಷ ಜಾನ್ ವೆಸ್ಲಿಯ ಮಕ್ಕಳೇ ಆದರೂ ನಮ್ಮ ಮನೆಯಲ್ಲಿ ಎರಡು ಪಂಗಡ. ಮದುವೆ ಹೊತ್ತಿನಲ್ಲಿ ಇದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಯಾವ ಚರ್ಚಿನ ಹಾಲ್ ಖಾಲಿ ಇದೆ ಎಂದಷ್ಟೇ ಕೇಳಿದರು.

ಸುದ್ದಿ ಊರಿಗೂ ಮುಟ್ಟಿತು. "ನಮ್ ಚರ್ಚ್ ಭೀ ಒಡೀತದೇನು?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಇಲ್ಲ. ಭಾರತದ ಮೆಥೋಡಿಸ್ಟ್ ಚರ್ಚು 1981ರಲ್ಲೇ ಸ್ವತಂತ್ರವಾಗಿದೆ. ಅದಕ್ಕೆ ಅದರದೇ ಬಿಷಪ್‌ಗಳು, ಅದರದೇ ನಿಯಮ. ಅಮೆರಿಕದ ಓಟು ಅಲ್ಲಿಗೆ ತಟ್ಟುವುದಿಲ್ಲ. ಬೇರೆ ಊರಿನ ಕನ್ನಡ ಕ್ರೈಸ್ತರೂ ನನ್ನನ್ನು ಇದನ್ನೇ ಕೇಳಿದ್ದಾರೆ.

ಈಗ ಕೆಲಸದ ವಿಷಯ. ಹಿರಿಯರಲ್ಲಿ ಹಲವರಿಗೆ ಚರ್ಚಾಕೂಟ ಬೇಕಿತ್ತು. ವೇದಿಕೆ ಮೇಲೆ ಪರ ಒಬ್ಬರು, ವಿರೋಧ ಒಬ್ಬರು, ಕೊನೆಗೆ ಪ್ರಶ್ನೋತ್ತರ. ನಾನು ಒಪ್ಪಲಿಲ್ಲ. ಅಲ್ಲಿ ಚೆನ್ನಾಗಿ ಮಾತಾಡುವವರು ಗೆಲ್ಲುತ್ತಾರೆ. ಉಳಿದವರು ಮನೆಗೆ ಹೋಗಿ ಫೋನಿನಲ್ಲಿ ನಿಜವಾದ ಸಭೆ ನಡೆಸುತ್ತಾರೆ. ಅದರ ಬದಲು ಫೆಲೋಶಿಪ್ ಹಾಲ್‌ನಲ್ಲಿ ದುಂಡು ಮೇಜು ಹಾಕಿಸಿದೆ. ಹುಟ್ಟಿದ ತಿಂಗಳ ಪ್ರಕಾರ ಕೂರಿಸಿದೆ. ಗಂಡ ಹೆಂಡತಿ, ಅಣ್ಣ ತಮ್ಮಂದಿರು, ಭಾನುವಾರ ಒಂದೇ ಬೆಂಚಿನಲ್ಲಿ ಕೂರುವ ಗುಂಪುಗಳೆಲ್ಲ ಇದರಿಂದ ತಾವಾಗಿಯೇ ಚದುರಿದವು. ಬೈಕೊಂಡರು, ಆದರೆ ಕೂತರು.

ಮೊದಲ ಸಂಜೆ ಓಟಿನ ಮಾತೇ ಇಲ್ಲ. ಒಂದೇ ಪ್ರಶ್ನೆ ಇಟ್ಟೆ: ನೀವು ಈ ಚರ್ಚಿಗೆ ಮೊದಲ ಸಲ ಯಾಕೆ ಬಂದಿರಿ? ಮಗಳ ಸಂಡೇ ಸ್ಕೂಲಿಗೆ, ಅಂದರು ಒಬ್ಬರು. ಡೈವೋರ್ಸ್ ಆದಾಗ ಹಳೇ ಚರ್ಚಿನಲ್ಲಿ ಮುಖ ತೋರಿಸೋಕೆ ಆಗಲಿಲ್ಲ ಅಂದರು ಇನ್ನೊಬ್ಬರು. ಪಾರ್ಕಿಂಗ್ ಸುಲಭ ಅಂತಲೂ ಒಬ್ಬರು ಹೇಳಿದರು, ಪಾಪ, ನಿಜವನ್ನೇ ಹೇಳಿದರು. ನಿಯಮಪುಸ್ತಕ ಓದಿ ಬಂದವರು ಯಾರೂ ಇರಲಿಲ್ಲ.

ನನ್ನ ನಿಲುವನ್ನು ಆ ಸಂಜೆಯೇ ಹೇಳಿಬಿಟ್ಟೆ. ನಾನು ಉಳಿಯುವ ಕಡೆ, ಸಲಿಂಗಿಗಳಿಗೆ ಬಾಗಿಲು ತೆರೆಯಬೇಕು ಎನ್ನುವ ಕಡೆ. ನಡೆಸಿಕೊಡುವವರು ತಟಸ್ಥರಾಗಿ ಇರಬೇಕು ಎಂದು ನಮ್ಮ ಮೇಲಿನವರು ಕಳಿಸಿದ ಸೂಚನೆಯಲ್ಲಿ ಬರೆದಿತ್ತು. ನನಗದು ಸರಿ ಅನ್ನಿಸಲಿಲ್ಲ. ಮನಸ್ಸಿನಲ್ಲಿ ಒಂದಿಟ್ಟುಕೊಂಡು ನಗುನಗುತ್ತಾ ಸಭೆ ನಡೆಸಿದರೆ ಜನಕ್ಕೆ ಗೊತ್ತಾಗುತ್ತದೆ ಅಲ್ವಾ? ಹೇಳಿದ್ದರಿಂದ ಒಳ್ಳೆಯದೇ ಆಯಿತು. ಬಿಡುವ ಕಡೆಯ ಹಿರಿಯರೊಬ್ಬರು ತಾವೇ ಮುಂದೆ ಬಂದು, "ಹಾಗಾದರೆ ನಿನ್ನ ಪ್ರತಿಯೊಂದು ಕಾಗದವನ್ನೂ ನಾನು ಮೊದಲು ನೋಡುತ್ತೇನೆ" ಅಂದರು. ಆಗಲಿ ಅಂದೆ. ಮುಂದೆ ಹಂಚಿದ ಪ್ರತಿ ಹಾಳೆಯ ಕೆಳಗೂ ನಮ್ಮಿಬ್ಬರ ಸಹಿ.

ಎರಡನೆಯ ಕೂಟ ವದಂತಿಗಳಿಗೆ. ಯೇಸು ದೇವರಮಗ ಎಂಬುದನ್ನೂ ಈ ಪಂಗಡ ಕೈಬಿಡುತ್ತದೆ, ಬೈಬಲ್ಲನ್ನೂ ತಿದ್ದುತ್ತದೆ ಎಂದು ಒಂದು ಕರಪತ್ರ ಓಡಾಡುತ್ತಿತ್ತು. ನಾವು ಮೂಲ ಕಾಗದವನ್ನೇ ಜೋರಾಗಿ ಓದಿಸಿದೆವು. ನಂಬಿಕೆಯ ವಿಧಿಗಳನ್ನು ಬದಲಿಸಲು ಮಹಾಸಭೆಯಲ್ಲಿ ಮೂರನೇ ಎರಡು ಭಾಗ ಬೇಕು. ಆಮೇಲೆ ಒಂದೊಂದು ಪ್ರದೇಶದ ಚರ್ಚುಗಳು ಸೇರುವ ವಾರ್ಷಿಕ ಸಮ್ಮೇಳನಗಳಲ್ಲಿ ಓಟು ಹಾಕಿದವರ ಪೈಕಿ ನಾಲ್ಕನೇ ಮೂರು ಭಾಗವೂ ಬೇಕು. ಸುಲಭದ ಮಾತಲ್ಲ. ಓದಿದ ಮೇಲೆ ಕೆಲವರು ಸುಮ್ಮನಾದರು. ಆದರೆ ಎಲ್ಲರ ತಕರಾರೂ ವದಂತಿಯಿಂದ ಹುಟ್ಟಿದ್ದಲ್ಲ. ಇಡೀ ನಿಯಮ ಸರಿಯಾಗಿ ಓದಿ, ಅರ್ಥ ಮಾಡಿಕೊಂಡು, ಬೈಬಲ್ ಇದನ್ನು ಒಪ್ಪುವುದಿಲ್ಲ ಎಂದು ನಂಬಿದವರೂ ಇದ್ದರು. ಅವರಿಗೆ ಮಾಹಿತಿ ಸಾಲದು ಅಂತ ಅಂದುಕೊಳ್ಳುವುದು ನಮ್ಮ ಕಡೆಯವರ ಕೆಟ್ಟ ಚಟ.

ದುಡ್ಡಿನ ಸಂಜೆಗೆ ಹಾಲ್ ತುಂಬಿತ್ತು. ನಾನು ವೃತ್ತಿಯಲ್ಲಿ ಅಕೌಂಟೆಂಟ್, ಹಾಗಾಗಿ ಇಲ್ಲಿ ಕೈ ಓಡಿತು. ಮೆಥೋಡಿಸ್ಟ್ ಚರ್ಚಿನ ಕಟ್ಟಡ ಸ್ಥಳೀಯ ಸಭೆಯ ಹೆಸರಿನಲ್ಲಿದ್ದರೂ ಇಡೀ ಪಂಗಡದ ಪರವಾಗಿ ಟ್ರಸ್ಟಿನಲ್ಲಿ ಇರುತ್ತದೆ. ಈ ಏರ್ಪಾಡು ವೆಸ್ಲಿಯ 1763ರ ಮಾದರಿ ಪತ್ರದಿಂದ ಬಂದದ್ದು. 2553ರ ಪ್ರಕಾರ ಬಿಡುವವರು, ಸಭೆ ಪಂಗಡಕ್ಕೆ ವರ್ಷವರ್ಷ ಕೊಡುವ ಪಾಲಿನ ಹಣವನ್ನು ಎರಡು ವರ್ಷದ್ದು ಕಟ್ಟಬೇಕಿತ್ತು. ನಿವೃತ್ತ ಪಾಸ್ಟರ್‌ಗಳ ಪಿಂಚಣಿ ಹೊರೆಯಲ್ಲಿ ತಮ್ಮ ಪಾಲನ್ನೂ ತೀರಿಸಬೇಕಿತ್ತು. ಕಟ್ಟಿದರೆ ಕಟ್ಟಡ ಅವರದೇ ಆಗುತ್ತಿತ್ತು. ಹಾಜರಿದ್ದ ಸದಸ್ಯರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕಿತ್ತು, ಆಮೇಲೆ ವಾರ್ಷಿಕ ಸಮ್ಮೇಳನವೂ ಒಪ್ಪಬೇಕಿತ್ತು. ನಾನು ಬೋರ್ಡಿನ ಮೇಲೆ ಎರಡು ಲೆಕ್ಕ ಬರೆದೆ: ಬಿಟ್ಟರೆ ಎಷ್ಟು ಖರ್ಚು, ಉಳಿದು ಮೂರನೇ ಒಂದು ಭಾಗ ಜನ ಹೋದರೆ ಎಷ್ಟು ನಷ್ಟ. ಎರಡನೆಯದು ನಮ್ಮ ಕಡೆಗೆ ಅನುಕೂಲದ ಲೆಕ್ಕವಲ್ಲ. ಆದರೂ ಬರೆಯಲೇಬೇಕಿತ್ತು.

ಆ ಸಂಜೆ ಲೆಕ್ಕಕ್ಕಿಂತ ದೊಡ್ಡದು ಇನ್ನೊಂದು ನಡೆಯಿತು. ನಮ್ಮ ಸಭೆಯಲ್ಲಿ ಕೆಲವೇ ಕಪ್ಪು ಜನಾಂಗದ ಕುಟುಂಬಗಳಿವೆ. ಅವರಲ್ಲಿ ತುಂಬಾ ವಯಸ್ಸಾದ ಒಬ್ಬ ಅಜ್ಜಿ ಕಾಫಿ ಕಪ್ಪು ಕೆಳಗಿಟ್ಟು ಎದ್ದು ನಿಂತರು. ಗುಲಾಮಗಿರಿಯ ವಿಷಯಕ್ಕೆ 1844ರಲ್ಲಿ ಈ ಚರ್ಚು ಒಡೆದಿತ್ತು. 1939ರಲ್ಲಿ ಮತ್ತೆ ಒಂದಾಯಿತು. ಒಂದಾದಾಗ ಉಳಿದ ವಿಭಾಗಗಳನ್ನು ಪ್ರದೇಶ ನೋಡಿ ಮಾಡಿದರು, ಕಪ್ಪು ಸಭೆಗಳನ್ನು ಮಾತ್ರ ಬಣ್ಣ ನೋಡಿ ಸೆಂಟ್ರಲ್ ಜ್ಯೂರಿಸ್ಡಿಕ್ಷನ್ ಎಂಬ ಬೇರೆ ವಿಭಾಗಕ್ಕೆ ಹಾಕಿದರು. ಅದು ಹೋಗಿದ್ದು 1968ರಲ್ಲಿ, ಯುನೈಟೆಡ್ ಮೆಥೋಡಿಸ್ಟ್ ಚರ್ಚ್ ಹುಟ್ಟಿದಾಗ. ಊಟಕ್ಕೆ ಕರೆದು ಬೇರೆ ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ. ಅಜ್ಜಿ ಹುಟ್ಟಿ ಬೆಳೆದದ್ದು ಆ ವಿಭಾಗದಲ್ಲೇ. "ನನ್ನ ಅಪ್ಪ ಆ ಚರ್ಚಿಗೇ ಕಾಣಿಕೆ ಹಾಕಿದ. ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ಅವನನ್ನು ಕೇಳಬೇಕಿತ್ತು" ಎಂದರು. ಇಷ್ಟೇ. ಯಾರ ಪರ ಎಂದು ಹೇಳದೆ ಕೂತುಬಿಟ್ಟರು. ಎರಡೂ ಕಡೆಯವರು ಆ ಮಾತನ್ನು ತಮಗೆ ಬೇಕಾದ ಹಾಗೆ ತಗೊಂಡರು. ಅವರ ಓಟು ಯಾವ ಕಡೆಗೆ ಬಿತ್ತು ಎಂದು ನಾನು ಈಗಲೂ ಕೇಳಿಲ್ಲ.

2023ರ ಆರಂಭದಲ್ಲಿ ಓಟು. ಬಂದು ಹಾಕಿದರೆ ಮಾತ್ರ ಲೆಕ್ಕ. ಅಂಚೆ ಇಲ್ಲ, ಬೇರೆಯವರ ಪರವಾಗಿ ಹಾಕುವಂತಿಲ್ಲ. ಈಸ್ಟರಿಗೂ ಬರದ ಮುಖಗಳೆಲ್ಲ ಆ ದಿನ ಸಾಲಿನಲ್ಲಿ ನಿಂತಿದ್ದವು. ಸದಸ್ಯರ ಪಟ್ಟಿಯನ್ನು ತಿಂಗಳುಗಳ ಮೊದಲೇ ಎರಡೂ ಕಡೆಯವರು ಕೂತು ಸರಿಮಾಡಿದ್ದೆವು. ಇಲ್ಲದಿದ್ದರೆ ಬಾಗಿಲಲ್ಲೇ ಹೊಡೆದಾಟ ಆಗುತ್ತಿತ್ತು. ಮುಂದೆ ಯಾರಾದರೂ ಇಂಥ ಓಟು ನಡೆಸುವುದಿದ್ದರೆ ಇದೊಂದನ್ನು ಮಾತ್ರ ಖಂಡಿತ ಮೊದಲು ಮಾಡಿ. ಎಣಿಕೆ ಮುಗಿಯಿತು. ಬಿಡುವವರು ಅರ್ಧ ದಾಟಿದ್ದರು, ಮೂರನೇ ಎರಡು ಭಾಗ ಮುಟ್ಟಿರಲಿಲ್ಲ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯಬಾರದು ಎಂದು ಮೊದಲೇ ಮಾತಾಗಿತ್ತು ಅನ್ನಿ.

ನಿಜವಾದ ಕೆಲಸ ಶುರುವಾಗಿದ್ದು ಅದರ ಮುಂದಿನ ಭಾನುವಾರ. ಒಂದಷ್ಟು ಜನ ಹೋದರು. ಕೆಲವರು ಶಾಲೆಯೊಂದರಲ್ಲಿ ಸೇರುವ ಹೊಸ ಗ್ಲೋಬಲ್ ಮೆಥೋಡಿಸ್ಟ್ ಗುಂಪಿಗೆ, ಕೆಲವರು ಬ್ಯಾಪ್ಟಿಸ್ಟರ ಕಡೆಗೆ, ಕೆಲವರು ಎಲ್ಲಿಗೂ ಇಲ್ಲ. ಕೊನೆಯವರೇ ನನಗೆ ಜಾಸ್ತಿ ಬೇಜಾರು ತಂದವರು. ಹೋದವರಿಗೆಲ್ಲ ವರ್ಗಾವಣೆ ಪತ್ರವನ್ನು ಕೈಯಲ್ಲೇ ಬರೆದೆ, ಕಂಪ್ಯೂಟರಿನ ನಮೂನೆಯಲ್ಲಿ ಅಲ್ಲ. ಅವರು ಎಷ್ಟು ವರ್ಷ ಸಂಡೇ ಸ್ಕೂಲ್ ಕಲಿಸಿದರು, ಯಾವ ಚಾವಣಿ ರಿಪೇರಿಗೆ ದುಡ್ಡು ಎತ್ತಿದರು, ಎಲ್ಲ ಅದರಲ್ಲಿತ್ತು. ಒಂದು ಮನೆಯವರು ಬೆಂಚಿನ ಮೇಲಿದ್ದ ತಮ್ಮ ಅಜ್ಜಿಯ ಹೆಸರಿನ ಹಿತ್ತಾಳೆ ಪಟ್ಟಿ ಕೇಳಿದರು. ಕೊಡಬಾರದು, ಅದು ಚರ್ಚಿನ ಆಸ್ತಿ ಎಂದು ಟ್ರಸ್ಟಿಗಳಲ್ಲಿ ಒಬ್ಬರು ಹಟ ಹಿಡಿದರು. ನಾನು ಬಿಚ್ಚಿ ಕೊಡಿಸಿದೆ. ಚರ್ಚಿನ ಹಾಡುವ ಗುಂಪಿನಲ್ಲಿ ದಪ್ಪ ದನಿಯ ಗಂಡಸರೇ ಇಲ್ಲವಾದರು. ಇಂದಿಗೂ ಆ ಜಾಗ ತುಂಬಿಲ್ಲ, ಕ್ರಿಸ್ಮಸ್ ಹಾಡುಗಳು ಸ್ವಲ್ಪ ತೆಳ್ಳಗೇ ಕೇಳುತ್ತವೆ.

ಬಿಡೋಣ ಎಂದು ಓಟು ಹಾಕಿಯೂ ಉಳಿದವರು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ನನ್ನ ಹಾಳೆಗಳಿಗೆ ಸಹಿ ಹಾಕಿದ ಹಿರಿಯರೂ ಅದರಲ್ಲಿ ಒಬ್ಬರು. ಇವರನ್ನು ಸೋತವರ ಹಾಗೆ ಮೂಲೆಗೆ ಕೂರಿಸಿದರೆ ಎಲ್ಲರನ್ನೂ ಸೇರಿಸಿಕೊಳ್ಳುತ್ತೇವೆ ಎಂಬ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಮುಂದಿನ ವರ್ಷದ ಸಮಿತಿಗಳಲ್ಲಿ ಹಣಕಾಸು ಅವರ ಕೈಗೇ ಹೋಯಿತು. ನಮ್ಮ ಕಡೆಯ ಕೆಲವು ಗೆಳೆಯರಿಗೆ ಇದು ಹಿಡಿಸಲಿಲ್ಲ. ತಕ್ಷಣ ರಿಕನ್ಸೈಲಿಂಗ್ ಸಭೆಗಳ, ಅಂದರೆ ಸಲಿಂಗಿಗಳಿಗೆ ಬಹಿರಂಗವಾಗಿ ಸ್ವಾಗತ ಹೇಳುವ ಸಭೆಗಳ, ಪಟ್ಟಿಗೆ ಹೆಸರು ಸೇರಿಸೋಣ, ಬಾಗಿಲಿಗೆ ಕಾಮನಬಿಲ್ಲಿನ ಬಾವುಟ ಕಟ್ಟೋಣ ಎಂದು ಒತ್ತಾಯಿಸಿದರು. ಅದಕ್ಕೂ ಒಂದು ಕಾರಣವಿದೆ, ಒಪ್ಪುತ್ತೇನೆ. ಬಾಗಿಲಲ್ಲಿ ಏನೂ ಕಾಣದಿದ್ದರೆ ಮೊದಲೇ ಪೆಟ್ಟು ತಿಂದವರು ಒಳಗೆ ಬರಲು ಹೆದರುತ್ತಾರೆ. ನಾನು ಸ್ವಲ್ಪ ತಡೆಯಿರಿ ಎಂದೆ. ಈ ವಿಷಯದಲ್ಲಿ ನಮ್ಮ ನಮ್ಮಲ್ಲೇ ಇನ್ನೂ ವಾದ ನಡೆದಿದೆ.

2024ರ ಮಹಾಸಭೆ ನಮ್ಮ ಶಾರ್ಲೆಟ್‌ನಲ್ಲೇ ಆಯಿತು. 2020ರಲ್ಲಿ ಆಗಬೇಕಿದ್ದದ್ದು ಕೋವಿಡ್‌ನಿಂದ ಮುಂದೆ ಹೋಗಿತ್ತು. ಸ್ವಯಂಸೇವಕಿಯಾಗಿ ಹೋಗಿದ್ದೆ, ಅತಿಥಿಗಳಿಗೆ ದಾರಿ ತೋರಿಸುವ ಕೆಲಸ. ಮೇ 1ರಂದು ಸಲಿಂಗಿ ಪಾಸ್ಟರ್‌ಗಳ ಮೇಲಿನ ನಿಷೇಧ 692ಕ್ಕೆ 51 ಮತಗಳಿಂದ ಹೋಯಿತು. ಚರ್ಚೆಯೇ ಇಲ್ಲ. ನಾಲ್ಕು ದಶಕ ಕಿತ್ತಾಡಿದ ವಿಷಯ ಬೇರೆ ಹತ್ತಾರು ವಿಷಯಗಳ ಜೊತೆ ಒಂದೇ ಕಟ್ಟಿನಲ್ಲಿ ಪಾಸಾಯಿತು. ಹೊರಗೆ ಜನ ಅಪ್ಪಿಕೊಂಡು ಅತ್ತರು, ಹಾಡಿದರು. ಅದೇ ವಾರ 1972ರ ಆ ಸಾಲೂ ಹೋಯಿತು.

ಆದರೆ ಆ ಸಭಾಂಗಣದಲ್ಲಿ ಖಾಲಿ ಕುರ್ಚಿಗಳೂ ಇದ್ದವು. ಆಫ್ರಿಕಾದ ಎಷ್ಟೋ ಪ್ರತಿನಿಧಿಗಳಿಗೆ ವೀಸಾ ಸಿಗದೆ, ಆಹ್ವಾನ ಪತ್ರ ತಡವಾಗಿ, ಬರಲಾಗಿರಲಿಲ್ಲ. ಚೆನ್ನೈನ ಕಾನ್ಸುಲೇಟಿನ ಸಾಲಿನಲ್ಲಿ ನಿಂತ ನನಗೆ ಅದರ ಸಂಕಟ ಗೊತ್ತು. ಎಲ್ಲರನ್ನೂ ಒಳಗೊಳ್ಳುವ ತೀರ್ಮಾನ ಎಂದು ಹಾಡುವಾಗ ಈ ಕುರ್ಚಿಗಳನ್ನೂ ಎಣಿಸಬೇಕಿತ್ತು. ಅದೇ ತಿಂಗಳ ಕೊನೆಗೆ ಐವರಿ ಕೋಸ್ಟಿನ ದೊಡ್ಡ ಮೆಥೋಡಿಸ್ಟ್ ಸಮ್ಮೇಳನ ಈ ಪಂಗಡ ಬಿಡಲು ತೀರ್ಮಾನಿಸಿತು. ಪ್ರತಿ ಪ್ರದೇಶವೂ ತನ್ನ ಕೆಲವು ನಿಯಮಗಳನ್ನು ತಾನೇ ಮಾಡಿಕೊಳ್ಳುವ ಪ್ರಸ್ತಾಪಕ್ಕೆ ಶಾರ್ಲೆಟ್‌ನಲ್ಲಿ 586ಕ್ಕೆ 164 ಮತಗಳ ಒಪ್ಪಿಗೆ ಸಿಕ್ಕಿತು. ಆಮೇಲೆ ವಾರ್ಷಿಕ ಸಮ್ಮೇಳನಗಳೂ ಒಪ್ಪಿದವು. ನನ್ನ ಮಟ್ಟಿಗೆ, ಇದನ್ನು ಇಪ್ಪತ್ತು ವರ್ಷ ಮೊದಲೇ ಮಾಡಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು. ಭಾರತದವರು 1981ರಲ್ಲೇ ತಮ್ಮ ದಾರಿ ಹಿಡಿದರಲ್ಲ.

ಹೊಸ ನಿಯಮದಲ್ಲಿ ಪಾಸ್ಟರ್ ಸಲಿಂಗ ಮದುವೆ ನಡೆಸಬಹುದು, ಬೇಡ ಅನ್ನಲೂಬಹುದು. ಯಾವುದಕ್ಕೂ ಶಿಕ್ಷೆ ಇಲ್ಲ. ಹಾಗೆಯೇ ಇಂಥ ಮದುವೆ ನಡೆಸು, ಅಥವಾ ನಡೆಸಬೇಡ ಎಂದು ಮೇಲಿನವರು ಸ್ಥಳೀಯ ಚರ್ಚಿಗೆ ಅಪ್ಪಣೆ ಕೊಡುವಂತಿಲ್ಲ. ಹಾಗಾಗಿ ಚೆಂಡು ಮತ್ತೆ ನಮ್ಮ ಅಂಗಳಕ್ಕೇ ಬಂತು. ನಮ್ಮಲ್ಲಿ ಇಬ್ಬರು ಹೆಂಗಸರು ಬಹಳ ಕಾಲದಿಂದ ಒಟ್ಟಿಗೆ ಬರುತ್ತಾರೆ. ಭಾನುವಾರದ ಕಾಫಿ ಉಸ್ತುವಾರಿ ಅವರದೇ, ಅಡುಗೆಮನೆ ಬೀಗದ ಕೈಯೂ ಅವರ ಹತ್ತಿರವೇ. ಮದುವೆಗೆ ಹಾಲ್ ಸಿಗುತ್ತದಾ ಎಂದು ಅವರು ಕೇಳಿದಾಗ ಮದುವೆಯ ನಿಯಮದ ಹಾಳೆಯನ್ನು ಹೊಸದಾಗಿ ಬರೆಯಬೇಕಾಯಿತು. ಕರಡು ಬರೆದವರು ನನ್ನ ಜೊತೆ ಸಹಿ ಹಾಕುತ್ತಿದ್ದ ಅದೇ ಹಿರಿಯರು. "ನಾನು ಆ ಮದುವೆಗೆ ಬರುವುದಿಲ್ಲ, ಆದರೆ ನಿಯಮ ಎಲ್ಲರಿಗೂ ಒಂದೇ ಇರಬೇಕು" ಎಂದು ಬರೆದುಕೊಟ್ಟರು. ಸದಸ್ಯರಿಗೆ ಒಂದು ಬಾಡಿಗೆ, ಹೊರಗಿನವರಿಗೆ ಒಂದು. ಮೇಣದ ಬತ್ತಿ ಕಾರ್ಪೆಟ್ ಮೇಲೆ ಇಡಬಾರದು. ಅಕ್ಕಿ ಎರಚುವುದಿದ್ದರೆ ಹೊರಗೆ ಮೆಟ್ಟಿಲ ಮೇಲೆ, ಗುಡಿಸುವ ಕೆಲಸ ಮದುವೆ ಮನೆಯವರದು. ಸಮಿತಿಯಲ್ಲಿ ಅತಿ ಹೆಚ್ಚು ಹೊತ್ತು ವಾದ ನಡೆದದ್ದು ಈ ಅಕ್ಕಿಯ ಮೇಲೆಯೇ.